ಮಗುಚಿ ಕಟ್ಟಿದ ವಾಚು

ನಮ್ಮ ಭಾವ ವಾಚ್ ರಿಪೇರಿಯವರು. ದಾರಿಯಲ್ಲಿ ಯಾರಾದರೂ ಅವರನ್ನು ನಿಲ್ಲಿಸಿ ಟೈಮ್ ಎಷ್ಟೆಂದು ಕೇಳಿದರೆ ಅವರು ಎಡಗೈ ಎತ್ತುತ್ತಿರಲಿಲ್ಲ. ಅತ್ತಿತ್ತ ನೋಡಿ, ಎದುರಿಗೆ ಬರುವ ಇನ್ನೊಬ್ಬರನ್ನು ನಿಲ್ಲಿಸಿ, "ಟೈಮ್ ಎಷ್ಟಾಯ್ತು?" ಎಂದು ಕೇಳಿ, ಅವರು ಹೇಳಿದ್ದನ್ನು ಇವರಿಗೆ ಒಪ್ಪಿಸುತ್ತಿದ್ದರು. ಎಡಗೈಯಲ್ಲಿ ವಾಚ್ ಇರುತ್ತಿತ್ತು. ಮೂವತ್ತೊಂದು ವರ್ಷದಿಂದ, ಸ್ನಾನದ ಹೊತ್ತು ಬಿಟ್ಟರೆ, ಅದು ಆ ಕೈಯಿಂದ ಇಳಿದದ್ದನ್ನು ನಾನು ಕಂಡಿಲ್ಲ.

ಅದು ಮಗುಚುವ ವಾಚು. ಎಲ್ಲರೂ ನೋಡಿರುವುದಿಲ್ಲ, ಹೇಳುತ್ತೇನೆ. ಮುಖ ದುಂಡಗಿಲ್ಲ, ಉದ್ದ ಚೌಕ. ವಾಚಿನ ಮೈ ಒಂದು ಉಕ್ಕಿನ ಚೌಕಟ್ಟಿನೊಳಗೆ ಕೂತಿರುತ್ತದೆ. ಹೆಬ್ಬೆರಳಿನಿಂದ ಪಕ್ಕಕ್ಕೆ ತಳ್ಳಿದರೆ ಅರ್ಧ ಹೊರಗೆ ಜಾರುತ್ತದೆ. ಮಗುಚಿ ಒತ್ತಿದರೆ ಟಕ್ ಎಂದು ಮತ್ತೆ ಕೂರುತ್ತದೆ. ಆಗ ಗಾಜು, ಮುಳ್ಳು, ಅಂಕಿ ಎಲ್ಲ ಕೈಯ ಚರ್ಮದ ಕಡೆಗೆ. ಹೊರಗೆ ಕಾಣುವುದು ಬೋಳು ಉಕ್ಕಿನ ಬೆನ್ನು. ಕೈಗೆ ಪೆಟ್ಟು ಬೀಳುವ ಆಟ ಆಡುವವರ ಗಾಜು ಒಡೆಯದಿರಲಿ ಎಂದು ಹೀಗೆ ಮಾಡಿದ್ದಂತೆ. ಭಾವ ಆಡುವ ಆಟವೇನೂ ಇರಲಿಲ್ಲ. ಅವರ ಕೆಲಸದಲ್ಲಿ ಕೈಗೆ ಬೀಳುವ ಅತಿ ದೊಡ್ಡ ಪೆಟ್ಟೆಂದರೆ ಚಿಮಟ ಜಾರಿ ಬೆರಳಿಗೆ ಚುಚ್ಚುವುದು. ಆದರೂ ವಾಚು ಸದಾ ಮಗುಚಿಯೇ ಇರುತ್ತಿತ್ತು. ಕೇಳಿದರೆ, "ಗಾಜು ಹಾಳಾಗ್ಬಾರ್ದು, ಮಾವ ಕೊಟ್ಟಿದ್ದು" ಎನ್ನುತ್ತಿದ್ದರು. ಮಾರುಕಟ್ಟೆಯವರು ಅವರಿಗೆ 'ಬೆನ್ನು ವಾಚಿನೋರು' ಎಂದು ಹೆಸರಿಟ್ಟಿದ್ದರು. ಕೊಟ್ಟ ಮಾವನ ಮೇಲೆ ಎಂಥ ಗೌರವ ಎಂದು ನಮ್ಮ ಕಡೆಯವರೆಲ್ಲ ಮೆಚ್ಚಿ ತಲೆದೂಗುತ್ತಿದ್ದರು.

ಆ ಮಾವ ನಮ್ಮ ಅಪ್ಪ. ನಾನು ಭಾವನ ಹೆಂಡತಿಯ ತಂಗಿ. ಅಂಚೆ ಕಚೇರಿಯ ಕೌಂಟರಿನಲ್ಲಿ ಇಪ್ಪತ್ತೆಂಟು ವರ್ಷ ಕೂತವಳು. ಎದುರಿಗೆ ನಿಂತವರು ವಿಷಯ ಬಿಟ್ಟು ಊರ ಸುದ್ದಿ ಹೇಳತೊಡಗಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಹಾಗಾಗಿ ನಾನೂ ಸುತ್ತಿ ಬಳಸಿ ಹೇಳುವುದಿಲ್ಲ. ಆ ವಾಚು ಓಡುತ್ತಿರಲಿಲ್ಲ. ಮದುವೆಯಾದಂದಿನಿಂದ ಓಡಿರಲಿಲ್ಲ. ಮೂವತ್ತೊಂದು ವರ್ಷ ಭಾವ ಮಗುಚಿ ಕಟ್ಟಿದ್ದು ಅದನ್ನು ಮುಚ್ಚಲಿಕ್ಕೆ.

ಇದು ನನಗೆ ಗೊತ್ತಾದದ್ದು ಹೋದ ವರ್ಷ, ಒಂದು ಭಾನುವಾರ ಮಧ್ಯಾಹ್ನ. ಅಲ್ಲಿಯವರೆಗೆ ನಾನೂ ತಲೆದೂಗಿದವಳೇ. ಆ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ.

ಅಪ್ಪ ಸ್ಟೇಷನ್ ಮಾಸ್ಟರ್ ಆಗಿದ್ದರು. ರೈಲು ತಡವಾಗಿ ಬಂದರೆ ಮನೆಗೆ ಬಂದು ಊಟ ಬಿಡುವಷ್ಟು ಟೈಮಿನ ಮನುಷ್ಯ. ಅಳಿಯ ವಾಚ್ ರಿಪೇರಿಯವನೆಂದು ಗೊತ್ತಾದಾಗ ಮನೆಯಲ್ಲಿ ಎಲ್ಲರಿಗಿಂತ ಹಿಗ್ಗಿದವರು ಅವರೇ. ಮದುವೆಯ ದಿನ ಒಂದು ನೀಲಿ ಡಬ್ಬಿ ತೆರೆದು ಈ ಮಗುಚುವ ವಾಚನ್ನು ತಮ್ಮ ಕೈಯಾರೆ ಅಳಿಯನಿಗೆ ಕಟ್ಟಿದರು. ಅಂಥ ವಾಚನ್ನು ಭಾವ ಅಲ್ಲಿಯವರೆಗೆ ಚಿತ್ರದಲ್ಲಷ್ಟೇ ನೋಡಿದ್ದರಂತೆ.

ಬೇರೆ ಯಾರೇ ಆಗಿದ್ದರೂ ಹೊಸ ವಾಚ್ ಸಿಕ್ಕರೆ ಕೀ ಕೊಟ್ಟು ಕಿವಿಗೆ ಹಿಡಿಯುತ್ತಾರೆ. ರಿಪೇರಿಯವರು ಬಿಚ್ಚುತ್ತಾರೆ. ಮದುವೆಯಾಗಿ ಮೂರನೆಯ ದಿನ, ಬೆಳಗಿನ ಒಂಬತ್ತು ಗಂಟೆಗೆ, ಭಾವ ತಮ್ಮ ಬಾಡಿಗೆ ಮನೆಯ ಮುಂದಿನ ಕೋಣೆಯಲ್ಲಿ ಮೊಣಕಾಲ ಮೇಲೊಂದು ಟವೆಲ್ ಹಾಸಿಕೊಂಡು, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ವಾಚಿನ ಮುಚ್ಚಳ ತೆಗೆದರು. ಕೀ ಕೊಟ್ಟಿರಲಿಲ್ಲ. ಮಗುಚುವ ವಾಚಿನ ಹೊಟ್ಟೆ ಹೇಗಿರುತ್ತದೆಂದು ನೋಡುವ ಆತುರ.

ಮುಚ್ಚಳದ ಒಳಗೆ ಒಂದು ಗುರುತು ಇತ್ತು. ರಿಪೇರಿಯವರಲ್ಲಿ ಇದೊಂದು ಪದ್ಧತಿ. ವಾಚ್ ಬಿಚ್ಚಿ ಸರಿಮಾಡಿದವನು ಮುಚ್ಚುವ ಮೊದಲು ಮುಚ್ಚಳದ ಒಳಮೈಯಲ್ಲಿ ಸೂಜಿಯಿಂದ ತನ್ನ ಗುರುತನ್ನೂ ತಾರೀಖನ್ನೂ ಕೂದಲಷ್ಟು ಸಣ್ಣಗೆ ಗೀಚುತ್ತಾನೆ. ಗಿರಾಕಿಗೆ ಅದು ಕಾಣುವುದಿಲ್ಲ. ಮುಂದೆ ಯಾವತ್ತೋ ಆ ವಾಚನ್ನು ಬಿಚ್ಚುವ ಇನ್ನೊಬ್ಬ ರಿಪೇರಿಯವನಿಗಷ್ಟೇ ಕಾಣುತ್ತದೆ. ಆ ಗುರುತಿಗೆ ಇರುವುದು ಒಂದೇ ಅರ್ಥ: ನನ್ನ ಕೈಯಿಂದ ಹೋಗುವಾಗ ಇದು ಓಡುತ್ತಿತ್ತು. ಓಡದ ವಾಚಿಗೆ ಯಾರೂ ಗುರುತು ಹಾಕುವುದಿಲ್ಲ. ಹೆಂಡತಿಗೆ ಸುಳ್ಳು ಹೇಳುವವನೂ, ಗಿರಾಕಿಗೆ ದಿನಾ ನಾಳೆ ಬನ್ನಿ ಎನ್ನುವವನೂ, ಇದೊಂದು ವಿಷಯದಲ್ಲಿ ಸುಳ್ಳು ಗೀಚುವುದಿಲ್ಲ ಎಂದು ಭಾವ ಹೇಳುತ್ತಾರೆ.

ಆ ಮುಚ್ಚಳದಲ್ಲಿ ಒಂದು ಪುಟ್ಟ ನಕ್ಷತ್ರವೂ ತಾರೀಖೂ ಇದ್ದವು. ತಾರೀಖು ಮದುವೆಗೆ ಹದಿಮೂರು ದಿನ ಹಿಂದಿನದು. ಮಾವ ಯಾರೋ ಕಟ್ಟಿದ ವಾಚನ್ನು ಕೊಂಡು, ಒಳ್ಳೆಯ ಕೈಯಲ್ಲಿ ಸರ್ವಿಸ್ ಮಾಡಿಸಿ ಕೊಟ್ಟಿದ್ದಾರೆಂದು ಭಾವನಿಗೆ ಅರ್ಥವಾಯಿತು. ಮುಚ್ಚಳದೊಳಗೆ ಓದಿದ್ದನ್ನು ಹೊರಗೆ ಹೇಳುವ ಅಭ್ಯಾಸ ಆ ಕಸುಬಿನವರಿಗಿಲ್ಲ. ಸುಮ್ಮನೆ ಮುಂದಿನ ತಿರುಪುಗಳನ್ನು ಬಿಚ್ಚಿ, ಚಕ್ರಗಳ ಮೇಲಿನ ಪಟ್ಟಿ ಎತ್ತಿದರು.

ಚಕ್ರಗಳನ್ನು ಎಣಿಸುವ ಮೊದಲೇ ಪೊರಕೆ ಹಿಡಿದುಕೊಂಡು ಅಕ್ಕ ದಡಕ್ಕೆಂದು ಬಾಗಿಲು ತಳ್ಳಿದಳು. ಮೂರು ದಿನದ ಮದುಮಗ ಬೆಚ್ಚಿಬಿದ್ದ. ಟವೆಲ್ ಜಾರಿ ವಾಚಿನ ಹೊಟ್ಟೆಯಲ್ಲಿದ್ದದ್ದೆಲ್ಲ ನೆಲದ ಮೇಲೆ ಚೆಲ್ಲಾಪಿಲ್ಲಿ. ನೆಲವೋ ಮರದ ಹಲಗೆಯದು, ಹಲಗೆ ಹಲಗೆಯ ನಡುವೆ ಬೆರಳ ಉಗುರು ಹೋಗುವಷ್ಟು ಸಂದು. ಭಾವ ಮಂಡಿಯೂರಿ ಕೂತು ಒಂದೊಂದನ್ನೇ ಆರಿಸತೊಡಗಿದರು.

"ಏನ್ರೀ ಹುಡುಕ್ತಿದ್ದೀರಾ?" ಎಂದಳು ಅಕ್ಕ.

ಮಾವ ಕೊಟ್ಟ ವಾಚನ್ನು ಮೂರನೆಯ ದಿನವೇ ಚೂರು ಮಾಡಿದೆ ಎಂದು ಹೊಸ ಹೆಂಡತಿಗೆ ಹೇಳುವುದು ಹೇಗೆ. "ಏನಿಲ್ಲ. ಗುಡಿಸೋಣ ಅಂತ. ಇಲ್ಲಿ ಕೊಡು" ಎಂದು ಅವಳ ಕೈಯಿಂದ ಪೊರಕೆ ತೆಗೆದುಕೊಂಡರು.

ಕೋಣೆ ಪೂರ್ತಿ ಗುಡಿಸಿದರು. ಎಲ್ಲ ಸೇರಿಸಿ ಎಣಿಸಿದರೆ ಒಂದು ಚಕ್ರ ಕಡಿಮೆ.

ಮಾರನೆಯ ದಿನವೂ ಗುಡಿಸಿದರು. ಅದರ ಮಾರನೆಯ ದಿನ ಹಿಟ್ಟಿನ ಜರಡಿ ತಂದು ಕಸವನ್ನು ಜರಡಿ ಹಿಡಿದರು. ಆ ಚಕ್ರ ಕಸದ ಕಣದಷ್ಟೇ ಇರುತ್ತದೆ, ಇವತ್ತು ಸಿಗದಿದ್ದರೆ ನಾಳೆ ಸಂದಿನಿಂದ ಎದ್ದು ಬರುತ್ತದೆ ಎಂಬ ಲೆಕ್ಕ. ಅಕ್ಕ ನೋಡಿ, "ಕಸಕ್ಕೆ ಜರಡಿ ಯಾಕೆ?" ಎಂದು ಕೇಳಿದಳು. ಜರಡಿಯಲ್ಲಿ ಅದೃಷ್ಟಕ್ಕೆ ಒಂದು ಗುಂಡುಪಿನ್ನು ಉಳಿದಿತ್ತು. ಭಾವ ಅದನ್ನು ಎತ್ತಿ ತೋರಿಸಿ, "ನಿನ್ನ ಕಾಲಿಗೆ ಚುಚ್ಚುತ್ತೆ" ಎಂದರು. ಆ ಪಿನ್ನನ್ನು ಕಿಟಕಿಯ ಹತ್ತಿರವಿದ್ದ ಒಂದು ಗಾಜಿನ ಬಾಟಲಿಗೆ ಹಾಕಿದರು.

ನಮ್ಮಕ್ಕ ಆಸ್ಪತ್ರೆಯಲ್ಲಿ ನರ್ಸು. ಎಂಟು ಗಂಟೆ ಡ್ಯೂಟಿಯಲ್ಲಿ ನಿಂತು ಬಂದು ಚಪ್ಪಲಿ ಬಿಟ್ಟರೆ ಅವಳಿಗೆ ಬರಿಗಾಲಲ್ಲಿ ಓಡಾಡಬೇಕು. ಅಂಥವಳಿಗೆ ಗಂಡ ದಿನಾ ನೆಲ ಗುಡಿಸಿ, ಕಾಲಿಗೆ ಚುಚ್ಚೀತೆಂದು ಕಸವನ್ನು ಜರಡಿ ಹಿಡಿದು ಪಿನ್ನು ಆರಿಸುತ್ತಾನೆ. ಅವಳು ಇದನ್ನು ಅಮ್ಮನಿಗೆ ಹೇಳಿದಳು, ನನಗೆ ಹೇಳಿದಳು, ವಾರ್ಡಿನ ರೋಗಿಗಳಿಗೂ ಹೇಳಿದಳು. ಆಪರೇಷನ್ ಆಗಿ ಹೊಲಿಗೆ ಹಾಕಿಸಿಕೊಂಡು ಮಲಗಿದವರೂ ಎದ್ದು ಕೂತು ಕೇಳಿದರಂತೆ.

ನನಗೆ ಹೊಟ್ಟೆಕಿಚ್ಚಾಯಿತು, ಮುಚ್ಚಿಡುವುದೇಕೆ. ನನ್ನ ಗಂಡನಿಗೆ ಪೊರಕೆ ಯಾವ ತುದಿಯಲ್ಲಿ ಹಿಡಿಯಬೇಕೆಂದೂ ಗೊತ್ತಿಲ್ಲ. ನಮ್ಮ ಮನೆಯಲ್ಲಿ ಜಗಳ ಎಲ್ಲಿಂದ ಶುರುವಾದರೂ ಹೋಗಿ ಮುಟ್ಟುತ್ತಿದ್ದದ್ದು ಭಾವನ ಜರಡಿಗೆ. "ಅಲ್ಲೊಬ್ಬರು ಪಿನ್ನು ಆರಿಸ್ತಾರೆ, ಇಲ್ಲೊಬ್ಬರು ತಾವು ಬಿಟ್ಟ ಕಾಲುಚೀಲ ಆರಿಸಲ್ಲ" ಎಂದು ಎಷ್ಟು ಸಲ ಹೇಳಿದೆನೋ. ನನ್ನ ಗಂಡ ತಲೆ ತಗ್ಗಿಸಿಕೊಂಡು ಕೇಳಿಸಿಕೊಳ್ಳುತ್ತಿದ್ದ. ಕಾಲುಚೀಲ ಮಾತ್ರ ಬಿದ್ದಲ್ಲೇ ಇರುತ್ತಿತ್ತು.

ಇತ್ತ ಭಾವ ಸುಮ್ಮನೆ ಕೂತಿರಲಿಲ್ಲ. ಆ ವಾಚು ಮಾಡಿದ ಕಂಪನಿ ಎಂದೋ ಬಾಗಿಲು ಹಾಕಿತ್ತು. ಬೇರೆ ವಾಚುಗಳ ಒಂಬತ್ತು ಚಕ್ರ ಹಾಕಿ ನೋಡಿದರು. ಕೆಲವು ಒಳಗೆ ಕೂರಲಿಲ್ಲ, ಕೂತವು ಪಕ್ಕದ ಚಕ್ರದ ಹಲ್ಲಿಗೆ ಹೊಂದಲಿಲ್ಲ. ಅಂಗಡಿಗೆ ಮಗುಚುವ ವಾಚು, ಡಬ್ಬಿಯಂತೆ ತೆರೆಯುವ ವಾಚು, ಮುಖ ಪಕ್ಕಕ್ಕೆ ತಿರುಗುವ ವಾಚು ಯಾವುದೇ ಬರಲಿ, ಬೇರೆ ಕೆಲಸವೆಲ್ಲ ಬದಿಗಿಟ್ಟು ಅದನ್ನೇ ಹಿಡಿಯುತ್ತಿದ್ದರು. ಅದರ ಹೊಟ್ಟೆಯಲ್ಲಿ ತಮ್ಮ ಚಕ್ರದ ಜೋಡಿ ಇದ್ದೀತೇ ಎಂಬ ಆಸೆ. ಎಲ್ಲಿಯೂ ಇರಲಿಲ್ಲ. ಆದರೆ ಹೀಗೆ ಬಿಚ್ಚಿ ಬಿಚ್ಚಿ ಮಗುಚುವ ವಾಚಿಗೆ ಇವರನ್ನು ಬಿಟ್ಟರಿಲ್ಲ ಎಂಬ ಹೆಸರು ಬಂತು. ದೂರ ದೂರದವರು ಹುಡುಕಿಕೊಂಡು ಬಂದರು. ಬಂದವರು ಅವರ ಕೈಯಲ್ಲಿದ್ದ ಉಕ್ಕಿನ ಬೆನ್ನನ್ನು ನೋಡಿ, "ನಿಮ್ಮದು ಸ್ವಲ್ಪ ತೋರ್ಸಿ" ಎನ್ನುತ್ತಿದ್ದರು. ಭಾವ ಅಂಗಿಯ ತೋಳು ಕೆಳಗೆಳೆದುಕೊಳ್ಳುತ್ತಿದ್ದರು.

ಹಬ್ಬವೋ ಹುಟ್ಟುಹಬ್ಬವೋ ಬಂದು ಅಪ್ಪನ ಮನೆಗೆ ಬಂದಾಗಲಂತೂ ಅವರ ಪಾಡು ಹೇಳತೀರದು. ಅಪ್ಪನೆದುರು ಕೂತರೆ ಎಡಗೈಯನ್ನು ಬಲಗೈಯಿಂದ ಮುಚ್ಚಿಕೊಂಡೇ ಕೂರುತ್ತಿದ್ದರು. ಎಲ್ಲರಲ್ಲೂ ಟೈಮ್ ಕೇಳುವ ಅಪ್ಪ, ಯಾರ ಮಗುವನ್ನಾದರೂ ತೊಡೆಯ ಮೇಲೆ ಕೂರಿಸಿಕೊಂಡು "ಈಗ ಗಂಟೆ ಎಷ್ಟು ಹೇಳು" ಎನ್ನುವ ಅಪ್ಪ, ಅಳಿಯನನ್ನು ಮಾತ್ರ ಒಂದು ದಿನವೂ ಟೈಮ್ ಕೇಳಲಿಲ್ಲ. ಅದು ತಮ್ಮ ಪುಣ್ಯ ಎಂದುಕೊಂಡಿದ್ದರಂತೆ ಭಾವ. ಅವರಿಗೆ ಬೇಕಾಗಿದ್ದದ್ದು ಒಂದೇ. ಮಾವ ಕಣ್ಣು ಮುಚ್ಚುವ ಮೊದಲು ಒಂದು ಸಲ, ಒಂದೇ ಸಲ, ಅವರ ಮುಂದೆ ಆ ವಾಚನ್ನು ಮಗುಚಿ, ಓಡುತ್ತಿರುವ ಮುಳ್ಳು ತೋರಿಸಬೇಕು. ಅದಕ್ಕೆ ಆ ಚಕ್ರ ಬೇಕು. ಚಕ್ರ ಆ ಹಲಗೆಗಳ ಕೆಳಗೆ ಎಲ್ಲೋ ಇದೆ.

ಆದ್ದರಿಂದ ಮನೆ ಬಿಡಲಿಲ್ಲ. ಅಕ್ಕನಿಗೆ ಆಸ್ಪತ್ರೆಯ ಕ್ವಾರ್ಟರ್ಸ್ ಎರಡು ಸಲ ಬಂದಿತ್ತು, ಲಿಫ್ಟ್ ಇದ್ದದ್ದು. ಎರಡು ಸಲವೂ ಭಾವ "ಇಲ್ಲಿ ಗಾಳಿ ಚೆನ್ನಾಗಿದೆ" ಎಂದರು. ಆ ಮನೆಯ ಒಂದೇ ಕಿಟಕಿ ಪಕ್ಕದ ಕಟ್ಟಡದ ಗೋಡೆಗೆ ತೆರೆಯುತ್ತದೆ.

ಹೋದ ವರ್ಷ ಮುಂದಿನ ಕೋಣೆಯ ಒಂದು ಹಲಗೆ ಎದ್ದು ಅಕ್ಕನ ಕಾಲಿಗೆ ತಗುಲಿತು. ಬಿದ್ದ ರಭಸಕ್ಕೆ ಮೊಣಕಾಲು ಊದಿ ಎರಡು ತಿಂಗಳು ಕೋಲು ಹಿಡಿದಳು. ಮನೆ ಮಾಲೀಕ ತಾನಾಗಿ ಬಂದು, ಹಲಗೆ ಪೂರ್ತಿ ಕಿತ್ತು ಟೈಲ್ಸ್ ಹಾಕಿಸಿಕೊಡುತ್ತೇನೆ, ಮೂರು ದಿನದ ಕೆಲಸ ಎಂದ. ಯಾವ ಮಾಲೀಕ ತಾನಾಗಿ ಬಂದು ಹೀಗೆ ಹೇಳುತ್ತಾನೆ? ಅಕ್ಕ ಅವನಿಗೆ ಎರಡು ಕಪ್ ಟೀ ಕೊಟ್ಟಳು. ಭಾವ, "ಬೇಡ" ಎಂದರು.

"ಹಾಗಾದ್ರೆ ಮನೆ ಬದಲಾಯಿಸೋಣ" ಎಂದಳು ಅಕ್ಕ.

"ಬೇಡ."

"ಮತ್ತೆ ನಾನು ಹೀಗೇ ಬೀಳ್ತಾ ಇರ್ಲಾ?"

ಭಾವ ಬಹಳ ಯೋಚಿಸಿ ಒಂದು ದಾರಿ ಹೇಳಿದರು. ಕೆಲಸದವರು ಬೇಡ, ತಾವೇ ಕೀಳುತ್ತಾರೆ. ಭಾನುವಾರಕ್ಕೊಂದು ಹಲಗೆ.

ಅಕ್ಕ ಎದ್ದು ಕೋಲೂರಿಕೊಂಡು ಹಲಗೆ ಎಣಿಸಿದಳು. ನಲವತ್ತನಾಲ್ಕು ಇದ್ದವು. ಅವಳು ಬೈಯುವವಳಲ್ಲ, ಇಂಜೆಕ್ಷನ್ ಕೊಡುವವರ ದನಿಯಲ್ಲಿ ಹೇಳಿದಳು: "ಮಂಗಳವಾರ ಕೆಲಸದೋರು ಬರ್ತಾರೆ. ಅವರನ್ನ ನೀವು ವಾಪಸ್ ಕಳಿಸಿದ್ರೆ ಬುಧವಾರ ನಾನು ಅಪ್ಪನ ಮನೇಲಿರ್ತೀನಿ. ಕರೆಯೋಕೆ ಬರ್ಬೇಡಿ. ಹಲಗೆ ಜೊತೆ ಸಂಸಾರ ಮಾಡ್ಕೊಂಡು ಇರಿ."

ಭಾವ ಇಕ್ಕಟ್ಟಿಗೆ ಸಿಕ್ಕಿಕೊಂಡರು. ಕೆಲಸದವರು ಬಂದರೆ ಮೂವತ್ತೊಂದು ವರ್ಷದ ಧೂಳಿನ ಜೊತೆಗೆ ಚಕ್ರವೂ ಬುಟ್ಟಿಯಲ್ಲಿ ತುಂಬಿ ಹೋಗುತ್ತದೆ. ಬಾರದಿದ್ದರೆ ಹೆಂಡತಿ ಹೋಗುತ್ತಾಳೆ. ಮೂರು ದಿನ ಅಂಗಡಿಯಲ್ಲಿ ಕೂತರೂ ಒಂದು ವಾಚಿನ ಕೆಲಸವೂ ಆಗಲಿಲ್ಲವಂತೆ. ನನಗೆ ಅಕ್ಕ ಫೋನ್ ಮಾಡಿ ಎಲ್ಲ ಹೇಳಿ, "ಇಷ್ಟು ದಿನ ನನ್ನ ಕಾಲಿಗೆ ಪಿನ್ನು ಚುಚ್ಚಬಾರದು ಅಂದವರು ಈಗ ಕಾಲು ಮುರಿದ್ರೂ ಪರವಾಗಿಲ್ಲ ಅಂತಾರಲ್ಲೇ" ಎಂದು ಅತ್ತುಬಿಟ್ಟಳು. ಅವಳು ಅತ್ತದ್ದನ್ನು ನಾನು ಕೇಳಿದ್ದು ಅಮ್ಮ ಹೋದಾಗ ಮತ್ತು ಆವತ್ತು, ಎರಡೇ ಸಲ. ನನಗೆ ಪಿತ್ತ ನೆತ್ತಿಗೇರಿತು. ಭಾನುವಾರ ಅಪ್ಪನನ್ನು ಕರೆದುಕೊಂಡು ನೆಟ್ಟಗೆ ಅವರ ಮನೆಗೆ ಹೋದೆ.

ಅಪ್ಪನಿಗೆ ಎಂಬತ್ತೇಳು. ಮೆಟ್ಟಿಲು ಹತ್ತಿ ಬಂದು ಕುರ್ಚಿಯಲ್ಲಿ ಕೂತು ಉಸಿರು ಸಾವರಿಸಿಕೊಳ್ಳಲಿಕ್ಕೆ ಐದು ನಿಮಿಷ ಬೇಕಾಯಿತು. ಅಕ್ಕ ಗಂಡನ ಮುಖ ನೋಡದೆ ಟೀ ಮಾಡಲಿಕ್ಕೆಂದು ಅಡುಗೆಮನೆಗೆ ಹೋದಳು. ಭಾವ ಎದುರಿಗೆ ಸ್ಟೂಲಿನ ಮೇಲೆ, ಎಂದಿನಂತೆ ಎಡಗೈಯನ್ನು ಬಲಗೈಯಿಂದ ಮುಚ್ಚಿಕೊಂಡು ಕೂತರು. ನಾನು ಬಾಯಿ ತೆರೆಯುವುದರೊಳಗೆ ಅಪ್ಪನೇ ಶುರು ಮಾಡಿದರು.

"ಹಲಗೆ ವಿಷಯ ಆಮೇಲೆ. ಮೊದಲು ನಂದೊಂದಿದೆ. ಇವತ್ತು ಹೇಳ್ದಿದ್ರೆ ಇನ್ನು ಈ ಮೆಟ್ಟಿಲು ಹತ್ತೋಕೆ ನನ್ನ ಕೈಲಾಗಲ್ಲ. ಅಳಿಯಂದಿರೇ, ಆ ವಾಚು ಇನ್ನು ಸಾಕು. ಬಿಚ್ಚಿಬಿಡಿ."

ಭಾವ ವಾಚನ್ನು ಇನ್ನೂ ಬಿಗಿಯಾಗಿ ಮುಚ್ಚಿಕೊಂಡರು. "ಯಾಕೆ ಮಾವ?"

"ಮೂವತ್ತೊಂದು ವರ್ಷ ಬಂದಾಗೆಲ್ಲ ನನಗೆ ಅದರ ಬೆನ್ನು ತೋರ್ಸಿದ್ರಿ. ನಾನು ಮಾಡಿದ ತಪ್ಪಿಗೆ ಅಷ್ಟು ಸಾಕು. ಬಾಯಿಬಿಟ್ಟು ಒಂದು ಮಾತು ಬೈದಿದ್ರೆ ಇಷ್ಟು ನೋವಾಗ್ತಿರ್ಲಿಲ್ಲ. ನೀವು ಒಳ್ಳೆಯೋರು, ಬೈಲಿಲ್ಲ. ಬೆನ್ನು ತೋರ್ಸಿದ್ರಿ."

"ನೀವು ಏನು ತಪ್ಪು ಮಾಡಿದ್ರಿ?" ಎಂದರು ಭಾವ. ಅವರಿಗೆ ನಿಜವಾಗಿ ಅರ್ಥವಾಗಿರಲಿಲ್ಲ.

ಅಪ್ಪ ನನ್ನ ಕಡೆ ಒಮ್ಮೆ ನೋಡಿ, ಅಡುಗೆಮನೆಯ ಬಾಗಿಲ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದರು. ಮದುವೆಗೆ ಮುಂಚೆ ಸ್ಟೇಷನ್ನಿನಲ್ಲಿ ಒಬ್ಬ ಪ್ರಯಾಣಿಕ ಆ ವಾಚನ್ನು ಮಾರಿದನಂತೆ. ಒಂಬತ್ತು ದಿನ ಚೆನ್ನಾಗಿ ಓಡಿತು. ಹತ್ತನೆಯ ದಿನ ನಿಂತಿತು. ಸ್ಟೇಷನ್ನಿನ ಎದುರಿಗಿದ್ದ ರಿಪೇರಿಯವನಿಗೆ ಕೊಟ್ಟರೆ ಅವನು ಬಿಚ್ಚಿ ನೋಡಿ, ಒಂದು ಚಕ್ರದ ಹಲ್ಲು ಮುರಿದಿದೆ, ಅದನ್ನು ತೆಗೆದುಹಾಕಿದ್ದೇನೆ, ಬೇರೆಯದು ತರಿಸಲಿಕ್ಕೆ ಒಂದು ತಿಂಗಳಾಗುತ್ತದೆ ಎಂದ. ಮದುವೆಗೆ ಹದಿಮೂರು ದಿನ. ಎಲ್ಲರಿಗೂ ಅಳಿಯನಿಗೆ ಮಗುಚುವ ವಾಚು ಕೊಡುತ್ತೇನೆಂದು ಹೇಳಿಕೊಂಡು ತಿರುಗಿದ್ದಾಗಿತ್ತು.

"ವಾಪಸ್ ಇಸ್ಕೊಂಡು ಬಂದೆ. ಡಬ್ಬಿಲಿಟ್ಟು ಕೊಟ್ಟೆ. ಹುಡುಗ ಹೇಗೂ ರಿಪೇರಿಯೋನು, ಬಿಚ್ಚಿ ನೋಡ್ತಾನೆ, ಒಂದು ಚಕ್ರ ಇಲ್ಲ ಅಂತ ಗೊತ್ತಾಗುತ್ತೆ, ಹಾಕ್ಕೋತಾನೆ ಅಂತ. ಮಾರನೇ ದಿನವೇ ಹೇಳ್ಬೇಕು ಅಂತಿದ್ದೆ. ಸ್ಟೇಷನ್ ಮಾಸ್ಟರು ನಿಂತ ವಾಚು ಕೊಟ್ಟ ಅಂತ ಹೇಳೋಕೆ ಬಾಯಿ ಬರ್ಲಿಲ್ಲ. ಆಮೇಲೆ ನೀವು ಮಗುಚಿ ಕಟ್ಕೊಂಡು ಬಂದ್ರಿ. ಗೊತ್ತಾಗಿದೆ, ಅದಕ್ಕೇ ಹೀಗೆ ತೋರಿಸ್ತಿದ್ದಾರೆ ಅಂದ್ಕೊಂಡೆ. ಟೈಮ್ ಎಷ್ಟು ಅಂತ ನಿಮ್ಮನ್ನ ಕೇಳೋ ಧೈರ್ಯ ನನಗೆ ಒಂದಿನವೂ ಬರ್ಲಿಲ್ಲ."

ಭಾವ ಬಲಗೈ ತೆಗೆದು ವಾಚಿನ ಬೆನ್ನನ್ನು ನೋಡಿದರು.

"ಒಳಗೆ ಗುರುತಿತ್ತು" ಎಂದರು ಭಾವ.

"ಯಾವ ಗುರುತು?"

"ನಕ್ಷತ್ರ. ತಾರೀಖು."

"ಓ, ಅದಾ. ಅವನೇ ಗೀಚಿದ. ಚಕ್ರ ಬಂದ್ಮೇಲೆ ಮತ್ತೆ ತರ್ತೀರಲ್ಲ, ನಾನು ನೋಡಿದ್ದೇ ಅಂತ ಗೊತ್ತಾಗ್ಲಿ ಅಂತ."

"ಓಡದ ವಾಚಿಗೆ?"

"ಓಡದ ವಾಚಿಗೇ."

"ಓಡದ ವಾಚಿಗೆ ಗುರುತು ಹಾಕ್ದ" ಎಂದರು ಭಾವ. ಮತ್ತೊಮ್ಮೆ ಅದನ್ನೇ ಹೇಳಿದರು. ಮೂವತ್ತೊಂದು ವರ್ಷದಲ್ಲಿ ಅವರು ಯಾರ ಮೇಲಾದರೂ ಸಿಟ್ಟಾದದ್ದನ್ನು ನಾನು ನೋಡಿದ್ದರೆ ಅದು ಆ ಗಳಿಗೆಯಲ್ಲಿ, ಹೆಸರೂ ಗೊತ್ತಿಲ್ಲದ ಆ ರಿಪೇರಿಯವನ ಮೇಲೆ. ಮಾವ ಕೆಟ್ಟ ವಾಚು ಕೊಟ್ಟದ್ದು ಅವರಿಗೆ ಲೆಕ್ಕಕ್ಕೇ ಬರಲಿಲ್ಲ.

ಆಮೇಲೆ ಹೆಬ್ಬೆರಳಿನಿಂದ ವಾಚನ್ನು ಪಕ್ಕಕ್ಕೆ ತಳ್ಳಿ, ಮಗುಚಿ, ಟಕ್ ಎಂದು ಕೂರಿಸಿ, ಕೈಯನ್ನು ಅಪ್ಪನ ಮುಂದೆ ಹಿಡಿದರು. ಮದುವೆಯ ದಿನ ಬಿಟ್ಟರೆ ಅದರ ಮುಖವನ್ನು ನಾನು ನೋಡಿದ್ದು ಆಗಲೇ. ಬಿಳಿ ಮುಖ, ಕಪ್ಪು ಅಂಕಿ, ನೀಲಿ ಮುಳ್ಳು. ಗಾಜಿನ ಮೇಲೆ ಒಂದು ಗೀರು ಕೂಡ ಇರಲಿಲ್ಲ.

"ಏಳು ಇಪ್ಪತ್ತೆರಡು" ಎಂದರು ಅಪ್ಪ. "ಹೌದು. ಪ್ಯಾಸೆಂಜರ್ ಗಾಡಿ ಬರೋ ಹೊತ್ತು. ಬಾವುಟ ಹಿಡ್ಕೊಂಡು ನೋಡಿದ್ರೆ ನಿಂತಿತ್ತು. ನೀವು ಮುಳ್ಳೂ ಮುಟ್ಟಿಲ್ಲ."

"ಮಾವ, ನಿಮಗೆ ತೋರಿಸೋಕೆ ಮಗುಚಿ ಕಟ್ಟಿದ್ದಲ್ಲ. ನಿಮಗೆ ಕಾಣಬಾರದು ಅಂತ ಕಟ್ಟಿದ್ದು. ಚಕ್ರ ನಾನೇ ಕಳೆದೆ ಅಂದ್ಕೊಂಡಿದ್ದೆ." ಭಾವ ಎಲ್ಲ ಹೇಳಿದರು. ಟವೆಲ್ ಜಾರಿದ್ದು, ಅಕ್ಕ ಬಾಗಿಲು ತಳ್ಳಿದ್ದು, ಪೊರಕೆ, ಜರಡಿ. ಅಪ್ಪ ಕೇಳುತ್ತ ಕೇಳುತ್ತ ಕನ್ನಡಕ ತೆಗೆದು ಪಂಚೆಯ ಅಂಚಿನಿಂದ ಒರೆಸಿಕೊಳ್ಳತೊಡಗಿದರು, ಒರೆಸಿದ್ದು ಕನ್ನಡಕವನ್ನಲ್ಲ.

ನನ್ನ ತಲೆಯಲ್ಲಿ ಓಡುತ್ತಿದ್ದದ್ದು ಬೇರೆ. "ಹಾಗಾದ್ರೆ ದಿನಾ ಗುಡಿಸಿದ್ದು ಚಕ್ರ ಹುಡುಕೋಕಾ?" ಎಂದು ಪಿಸುದನಿಯಲ್ಲಿ ಕೇಳಿದೆ.

"ಹೂಂ."

"ಜರಡಿ?"

"ಚಕ್ರಕ್ಕೇ."

"ಭಾವ, ನಿಮ್ಮ ಪೊರಕೆ ತೋರಿಸಿ ನನ್ನ ಗಂಡನಿಗೆ ಎಷ್ಟು ಬೈದಿದ್ದೀನಿ ಗೊತ್ತಾ ನಿಮಗೆ?"

"ಗೊತ್ತು" ಎಂದರು ಭಾವ. "ಅಂಗಡಿಗೆ ಬಂದು ಹೇಳ್ಕೊಳ್ತಿದ್ರು ಪಾಪ."

ಕಿಟಕಿಯ ಹತ್ತಿರ ಪಿನ್ನಿನ ಬಾಟಲಿ ಇತ್ತು. ಗುಂಡುಪಿನ್ನು, ಗಾಜಿನ ಚೂರು, ಮುರಿದ ಸೂಜಿ, ಸಣ್ಣ ಮೊಳೆ, ಕುತ್ತಿಗೆಯವರೆಗೂ ತುಂಬಿತ್ತು. ಅಕ್ಕ ಅದನ್ನು ವಾರಕ್ಕೊಮ್ಮೆ ಒರೆಸಿಡುತ್ತಾಳೆ. ಮನೆಗೆ ಬಂದವರಿಗೆ ತೋರಿಸುತ್ತಾಳೆ. ಮೂವರೂ ಅದನ್ನೇ ನೋಡಿದೆವು.

"ಅವಳಿಗೆ ಹೇಳ್ಬೇಡಿ" ಎಂದರು ಅಪ್ಪ. ಅವರು ಹೇಳಿದ್ದು ವಾಚಿನ ವಿಷಯ. ಭಾವ ನನ್ನ ಮುಖ ನೋಡಿದರು. ಅವರು ಕೇಳುತ್ತಿದ್ದದ್ದು ಜರಡಿಯ ವಿಷಯ. ನನ್ನ ಬಾಯಿ ಎಂಥದೆಂದು ಅವರಿಗೆ ಗೊತ್ತು. ಆ ಕಣ್ಣಲ್ಲಿದ್ದ ಭಯವನ್ನು ನೋಡಿ ನನಗೆ ಅಯ್ಯೋ ಎನಿಸಿತು, ಹಲ್ಲು ಕಚ್ಚಿಕೊಂಡು ತಲೆಯಾಡಿಸಿದೆ.

ಅಕ್ಕ ಟೀ ತಂದಳು. "ಏನು ತೀರ್ಮಾನ ಆಯ್ತು?"

"ಮಂಗಳವಾರ ಬರ್ಲಿ" ಎಂದರು ಭಾವ.

ಅಕ್ಕ ಅಪ್ಪನ ಕಡೆ ತಿರುಗಿದಳು. "ಏನು ಹೇಳಿದ್ರಪ್ಪ ನೀವು? ನಾನು ಒಂದು ತಿಂಗಳಿಂದ ಬಡ್ಕೊಂಡ್ರೂ ಕೇಳ್ಲಿಲ್ಲ."

"ಸ್ವಲ್ಪ ಬುದ್ಧಿ ಹೇಳ್ದೆ" ಎಂದರು ಅಪ್ಪ, ಕಪ್ಪಿನೊಳಗೆ ನೋಡುತ್ತ.

ಅವತ್ತು ಹೊರಡುವಾಗ ಅಪ್ಪ ಬಾಗಿಲಲ್ಲಿ ನಿಂತು, "ಅಳಿಯಂದಿರೇ, ಟೈಮ್ ಎಷ್ಟು?" ಎಂದು ಕೇಳಿದರು. ಭಾವ ಎಡಗೈ ಎತ್ತಿ ನೋಡಿ, "ಏಳು ಇಪ್ಪತ್ತೆರಡು" ಎಂದರು. ಮಧ್ಯಾಹ್ನ ಮೂರು ಗಂಟೆಯಾಗಿತ್ತು. ಅಪ್ಪ ಸರಿ ಎಂದು ಮೆಟ್ಟಿಲಿಳಿದರು.

ಅಪ್ಪನನ್ನು ಮನೆ ಮುಟ್ಟಿಸಿ ಬಂದು, ಅಕ್ಕನ ಮೊಣಕಾಲಿನ ನೆಪದಲ್ಲಿ ನಾನು ವಾರ ರಜೆ ಹಾಕಿ ಅಲ್ಲೇ ಉಳಿದೆ. ನಿಜ ಹೇಳಬೇಕೆಂದರೆ ಉಳಿದದ್ದು ಒಂದನ್ನು ನೋಡಲಿಕ್ಕೆ. ಇನ್ನು ಹುಡುಕಲಿಕ್ಕೆ ಏನೂ ಇಲ್ಲ. ಈ ಮನುಷ್ಯ ಇನ್ನು ಗುಡಿಸುತ್ತಾರೋ ಇಲ್ಲವೋ? ಗುಡಿಸದಿದ್ದರೆ ಅಕ್ಕ ಕೇಳುತ್ತಾಳೆ. ಅವಳಿಗೆ ಏನು ಹೇಳುವುದು? ಮೂರು ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ಸೋಮವಾರ ಕೋಣೆಯ ಸಾಮಾನು ಹೊರಹಾಕುವುದರಲ್ಲೇ ಹೋಯಿತು. ಮಂಗಳವಾರ ಕೆಲಸದವರು ಹಲಗೆ ಕಿತ್ತರು. ಭಾವ ನಿಂತು ನೋಡಲೂ ಇಲ್ಲ, ಅಂಗಡಿಗೆ ಹೋದರು. ಹಲಗೆಯ ಕೆಳಗೆ ಅಂಗಿಯ ಗುಂಡಿಗಳು, ಎರಡು ಪೆನ್ಸಿಲ್, ಅಕ್ಕನ ಒಂದು ಥರ್ಮಾಮೀಟರು ಸಿಕ್ಕಿದವು. ಚಕ್ರ ಸಿಗಲಿಲ್ಲ, ಸಿಗುವುದಾದರೂ ಹೇಗೆ. ಗುರುವಾರ ಸಂಜೆಗೆ ನೆಲ ಬೆಳ್ಳಗೆ ಹೊಳೆಯುತ್ತಿತ್ತು. ವಾಚು ಈಗ ಮುಖ ಮೇಲಾಗಿಯೇ ಇತ್ತು. ಅಕ್ಕ ಅದನ್ನು ನೋಡಿ, "ಇದೇನು, ನಿಂತಿದೆ?" ಎಂದಳು.

"ಹೂಂ."

"ಯಾವಾಗಿಂದ?"

"ಈಚೆಗೆ" ಎಂದರು ಭಾವ.

"ರಿಪೇರಿ ಮಾಡ್ಕೊಳ್ಳಿ ಮತ್ತೆ. ಊರೋರದ್ದೆಲ್ಲ ಮಾಡ್ತೀರಾ."

ಶುಕ್ರವಾರ ಬೆಳಿಗ್ಗೆ ಅಕ್ಕ ಕಾಲು ನೀಡಿಕೊಂಡು ಮಂಚದ ಮೇಲೆ ಕೂತಿದ್ದಳು. ನಾನು ಪೇಪರ್ ಓದುವವಳ ಹಾಗೆ ಪೇಪರ್ ಹಿಡಿದು ಕೂತಿದ್ದೆ. ಭಾವ ಸ್ನಾನ ಮಾಡಿ ಬಂದು, ವಾಚು ಕಟ್ಟಿಕೊಂಡು, ಗೋಡೆಯ ಮೊಳೆಗೆ ತೂಗುಹಾಕಿದ್ದ ಪೊರಕೆಯ ಮುಂದೆ ನಿಂತರು. ನಿಂತೇ ಇದ್ದರು. ನಾನು ಪೇಪರಿನ ಒಂದೇ ಸಾಲನ್ನು ಮೂರು ಸಲ ಓದಿದೆ.

ಪೊರಕೆ ತೆಗೆದುಕೊಂಡರು. ಮೂಲೆಯಿಂದ ಶುರು ಮಾಡಿ ಬಾಗಿಲವರೆಗೆ ಗುಡಿಸಿದರು. ಕಸವನ್ನು ಮೊರಕ್ಕೆ ತೆಗೆದುಕೊಂಡು ಸೀದಾ ಕಸದ ಡಬ್ಬಿಯ ಕಡೆ ನಡೆದರು.

"ಯಾಕ್ರೀ, ಜರಡಿ ಹಿಡಿಯಲ್ವಾ?" ಎಂದಳು ಅಕ್ಕ. ದೊಡ್ಡ ವಿಷಯವೇನೂ ಅಲ್ಲ ಎನ್ನುವ ಹಾಗೆ ಕೇಳಿದಳು. ಆದರೆ ಹಾಸಿಗೆಯ ಮೇಲೆ ಅವಳ ಎರಡೂ ಬರಿಗಾಲು ಒಂದನ್ನೊಂದು ಒತ್ತಿಕೊಂಡವು.

ಭಾವ ನಿಂತರು. ತಿರುಗಿ ಅವಳ ಕಾಲನ್ನು ನೋಡಿದರು. ಮೂವತ್ತೊಂದು ವರ್ಷದಲ್ಲಿ ಅವರು ನೆಲ ನೋಡಿದ್ದರೇ ಹೊರತು ಆ ಕಾಲನ್ನು ಹಾಗೆ ನೋಡಿರಲಿಕ್ಕಿಲ್ಲ. ನಿಂತು ನಿಂತು ಹಿಮ್ಮಡಿ ಒಡೆದಿದ್ದವು, ಒಂದು ಮೊಣಕಾಲು ಇನ್ನೂ ಊದಿಕೊಂಡಿತ್ತು.

"ಮರೆತೆ" ಎಂದು ಅಡುಗೆಮನೆಯಿಂದ ಜರಡಿ ತಂದರು.

ಹೊಸ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು ಕಸ ಸುರಿದು ಅಲ್ಲಾಡಿಸಿದರು. ಧೂಳೆಲ್ಲ ಇಳಿದ ಮೇಲೆ ಜರಡಿಯಲ್ಲಿ ಟೈಲ್ಸಿನ ಒಂದು ಚೂರು ಉಳಿದಿತ್ತು, ಅಕ್ಕಿಯ ಕಾಳಿಗಿಂತ ಸಣ್ಣದು, ತುದಿ ಚೂಪಗಿತ್ತು. ಭಾವ ಅದನ್ನು ಚಕ್ರ ಹಿಡಿಯುವ ಹಾಗೆ ಎರಡು ಬೆರಳಲ್ಲಿ ಎತ್ತಿ, ಮಂಚದ ಹತ್ತಿರ ಹೋಗಿ ಅಕ್ಕನಿಗೆ ತೋರಿಸಿದರು.

"ನೋಡು. ಚುಚ್ಚಿಬಿಡ್ತಿತ್ತು."

ಅಕ್ಕ ಅದನ್ನು ನೋಡಿ, "ನಾನು ಹೇಳಿಲ್ವಾ" ಎಂದು ನನ್ನ ಕಡೆ ತಿರುಗಿ ನಕ್ಕಳು. ನಾನು ಪೇಪರನ್ನು ಮುಖಕ್ಕೆ ಅಡ್ಡ ಹಿಡಿದುಕೊಂಡೆ. ಭಾವ ಕಿಟಕಿಯ ಹತ್ತಿರ ಹೋಗಿ, ಬಾಟಲಿಯಲ್ಲಿ ಜಾಗ ಮಾಡಿ, ಚೂರನ್ನು ಒಳಗೆ ಹಾಕಿದರು.